ತಲೆಗೆ ಕಟ್ಟಿದ ಬಟ್ಟೆ

ಕುಡಿದವರಿಗೆ ಮರುದಿನ ಏನೂ ಆಗುವುದಿಲ್ಲ. ಅವರನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸುವವರ ತಲೆ ಸಿಡಿಯುತ್ತದೆ. ಲೋಕವೆಲ್ಲ ಹೀಗೇ ಆದ್ದರಿಂದ ಬೆಟಗೇರಿಯ ನೀಲವ್ವನ ಅಂಗಡಿಯ ಮುಂದೆ ಬೆಳಿಗ್ಗೆ ನಿಲ್ಲುವವರು ಬರೀ ಹೆಂಗಸರು, ತಲೆಗೆ ಬಟ್ಟೆ ಬಿಗಿದುಕೊಂಡವರು. ಆ ತಲೆನೋವಿಗೆ ಮದ್ದಾಗಿ ಜಪಾನಿನವರ ಉಪ್ಪುಹುಳಿ ಹಣ್ಣು, ರಷ್ಯದವರ ಸೌತೆ ಉಪ್ಪಿನಕಾಯಿಯ ನೀರು ಎಲ್ಲವೂ ಅಲ್ಲಿ ಸಿಗುತ್ತದೆ. ಹೆಚ್ಚಿನವರು ಕೇಳುವುದು ಹುಳಿಮಜ್ಜಿಗೆಯನ್ನೇ.

ಅಂದು ಶಾಂತವ್ವ ಎದ್ದಾಗ ತಲೆ ಹೂವಿನಂತೆ ಹಗುರವಾಗಿತ್ತು. ಗಂಡ ಈರಪ್ಪ ಹಿಂದಿನ ಸಂಜೆ ಗೋಡೆ ಹಿಡಿದುಕೊಂಡೇ ಮನೆ ಸೇರಿದ್ದ. ಅವಳು ಹಣೆಯನ್ನು ಒತ್ತಿ ಒತ್ತಿ ನೋಡಿಕೊಂಡಳು, ಎಲ್ಲೂ ನೋವಿಲ್ಲ. ಆದರೂ ಬಟ್ಟೆ ಕಟ್ಟಿಕೊಂಡೇ ಅಂಗಡಿಗೆ ಹೋದಳು; ಬರಿ ತಲೆಯಲ್ಲಿ ಕಂಡರೆ ಓಣಿ ಸುಮ್ಮನಿರುವುದಿಲ್ಲ.

"ಹೆಂಗೈತಿ ತಲಿ?" ಎಂದಳು ನೀಲವ್ವ.

"ಒಡದ ಹೋಗೂಹಂಗ ಆಗೈತಿ ಬೇ."

"ಪುಣ್ಯವಂತಿ! ಆ ಗಿರಿಜವ್ವನ ಗಂಡ ಹಂಡೆಗಟ್ಟಲೆ ಕುಡದ್ರೂ ಆಕಿ ನಕ್ಕೋತ ತಿರಗ್ತಾಳ. ಎಂಥಾ ಬಾಳೇವೋ ಏನೋ!"

ಹೆಂಗಸರು ಹಣೆ ಒತ್ತಿಕೊಳ್ಳುತ್ತಲೇ ನಕ್ಕರು. ಶಾಂತವ್ವನೂ ನಕ್ಕಳು.

ಮಜ್ಜಿಗೆಯ ಚೆಂಬು ಹಿಡಿದು ಮನೆಗೆ ಬಂದರೆ ಏಳು ವರ್ಷದ ಮಗಳು ಮಹಾದೇವಿ ಹೊಸ್ತಿಲ ಮೇಲೆ ಎರಡೂ ಕೈಯಲ್ಲಿ ತಲೆ ಹಿಡಿದು ಕುಳಿತಿದ್ದಳು.

"ಯವ್ವಾ, ನನ್ನ ತಲ್ಯಾಗ ಯಾರೋ ಕುಟ್ಟಾಕತ್ತಾರ."

ಶಾಂತವ್ವ ತನ್ನ ತಲೆಯ ಬಟ್ಟೆ ಬಿಚ್ಚಿ ಮಗಳಿಗೆ ಕಟ್ಟಿದಳು, ಮಜ್ಜಿಗೆ ಕುಡಿಸಿದಳು. ಸಂಜೆಯಾದರೆ ಈರಪ್ಪ ಮತ್ತೆ ಕುಡಿಯಲು ಹೋಗುವವನೇ. ಗೊರಕೆ ಹೊಡೆಯುತ್ತಿದ್ದ ಅವನ ಪಕ್ಕ ಕುಳಿತು, ಇವನಲ್ಲಿ ತನಗೆ ಹಿಂದೆ ಏನು ಇಷ್ಟವಾಗಿತ್ತೆಂದು ನೆನಪಿಸಿಕೊಳ್ಳಲು ಹೆಣಗಿದಳು. ಎಷ್ಟು ಹೊತ್ತಾದರೂ ತಲೆ ಹಗುರವಾಗಿಯೇ ಇತ್ತು.