ನೀಲವ್ವನ ರೊಟ್ಟಿಬುಟ್ಟಿ

ಇಲಿಗಳಿಗೆ ಕನ್ನಡ ತಿಳಿಯತೊಡಗಿದ ಮೇಲೆ ಗದಗಿನ ಓಣಿಗಳಲ್ಲಿ ಯಾರೂ ಬೋನು ಇಡುತ್ತಿರಲಿಲ್ಲ, ಬಾಯಿಂದಲೇ ಹೆದರಿಸುತ್ತಿದ್ದರು. ಆ ವಿದ್ಯೆಯಲ್ಲಿ ನೀಲವ್ವನನ್ನು ಮೀರಿಸಿದವರಿಲ್ಲ. ಅಟ್ಟದತ್ತ ಮುಖ ಮಾಡಿ, "ರೊಟ್ಟಿಗೆ ಪಾಷಾಣ ಹಾಕೀನಿ, ತಿಂದು ಸಾಯ್ರಿ" ಎಂದರೆ ಸಾಕು, ಅವಳ ಬುಟ್ಟಿಯ ಹತ್ತಿರ ಒಂದು ಇಲಿಯೂ ಸುಳಿಯುತ್ತಿರಲಿಲ್ಲ.

ಪಕ್ಕದ ಮನೆಯ ಶಾಂತವ್ವನ ರೊಟ್ಟಿ ಮಾತ್ರ ದಿನಾ ಇಲಿಗಳ ಪಾಲಾಗುತ್ತಿತ್ತು. ಬುಟ್ಟಿ ಹಿಡಿದು ಕಲಿಯಲು ಬಂದ ಅವಳನ್ನು ನೀಲವ್ವ ಮೇಲಿಂದ ಕೆಳಗೆ ನೋಡಿದಳು.

"ನಿನಗ ಇಲಿನೂ ಅಂಜಂಗಿಲ್ಲ. ಹೇಳು ನೋಡೂಣು."

"ಇದರಾಗ ಪಾಷಾಣ ಐತಿ" ಎಂದಳು ಶಾಂತವ್ವ, ಕ್ಷಮೆ ಕೇಳುವವಳಂತೆ.

ಅಟ್ಟದಿಂದ ದಪ್ಪ ಇಲಿಯೊಂದು ಇಳಿದು ಬಂತು. ತೆರೆದಿದ್ದ ನೀಲವ್ವನ ಬುಟ್ಟಿಯನ್ನು ದಾಟಿ ಹೋಗಿ, ಶಾಂತವ್ವನ ರೊಟ್ಟಿಯನ್ನು ಕಟಕಟ ತಿನ್ನತೊಡಗಿತು.

"ನೋಡಿದಿ? ನನಗ ಹೆಂಗ ಹೆದರ್ತೈತಿ" ಎಂದು ನೀಲವ್ವ ಬೀಗಿದಳು. ಅಷ್ಟಕ್ಕೇ ಬಿಡದೆ ತನ್ನ ರೊಟ್ಟಿ ಮುರಿದು, ತಾನೊಂದು ತುಂಡು ತಿಂದು ತೋರಿಸಿ, ಇನ್ನೊಂದನ್ನು ಇಲಿಯ ಮುಂದೆ ಎಸೆದಳು. "ತಗೋ, ಭಿಕಾರಿ. ಪಾಷಾಣ ಗೀಷಾಣ ಏನೂ ಇಲ್ಲ, ಯಾವತ್ತೂ ಇರಲಿಲ್ಲ."

ಇಲಿ ಮೂಸಿತು. ತುದಿ ಕಡಿಯಿತು. ಕಡಿದದ್ದನ್ನು ಉಗುಳಿ, ತುಂಡನ್ನು ಮುಂಗಾಲಿನಿಂದ ಆಚೆ ನೂಕಿ, ಮತ್ತೆ ಶಾಂತವ್ವನ ಬುಟ್ಟಿಗೇ ಹೋಯಿತು.

ನೀಲವ್ವನ ಮುಖ ಕಪ್ಪಿಟ್ಟಿತು. "ಸೊಕ್ಕು ನೋಡ್ರಿ ಇದರದು" ಎಂದು ಮೂಲೆಯಲ್ಲಿ ಉಣ್ಣುತ್ತಿದ್ದ ಗಂಡನತ್ತ ತಿರುಗಿದಳು.

ವರ್ಷಾನುಗಟ್ಟಲೆ ಅದೇ ರೊಟ್ಟಿ ತಿಂದ ವೀರಭದ್ರಪ್ಪ ತಾಟಿನಿಂದ ತಲೆ ಎತ್ತಲಿಲ್ಲ.

"ಅದಕ್ಕೇನು ಬಿಡು," ಎಂದ. "ಅದೇನ ನಿನ್ನ ಲಗ್ನ ಆಗೇತೇನು?"