ಮಾವನ ಪಾಲಿನ ತಲೆ

ಬೆಳಿಗ್ಗೆ ಹತ್ತು ಐವತ್ತಕ್ಕೆ, ಮೌನ್ ಪಟ್ಟಣದಿಂದ ಪೂರ್ವಕ್ಕೆ ಹೋಗುವ ರಸ್ತೆಯ ಜಾನುವಾರು ಬೇಲಿಯ ಗೇಟಿನಲ್ಲಿ, ಒರಾಬಿಲೆಯ ಜೀಪಿನೊಳಗೆ ಎತ್ತಿನ ತಲೆಯೊಂದು ಸಿಕ್ಕಿತು. ಹಸಿ ತಲೆ. ಹಿಂದಿನ ಸೀಟಿನ ಕೆಳಗೆ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ.

ಬೇಲಿಯ ಪಶ್ಚಿಮಕ್ಕೆ ಕಾಡೆಮ್ಮೆಗಳಿವೆ. ಅವುಗಳಿಂದ ದನಗಳಿಗೆ ಕಾಲುಬಾಯಿ ರೋಗ ತಗಲುತ್ತದೆಂದು ಆ ಕಡೆಯ ಹಸಿ ಮಾಂಸವನ್ನು ಪೂರ್ವಕ್ಕೆ ದಾಟಲು ಬಿಡುವುದಿಲ್ಲ; ಸಿಕ್ಕಿದ್ದನ್ನು ಗುಂಡಿಗೆ ಹಾಕಿ ಸುಡುತ್ತಾರೆ. ಒರಾಬಿಲೆಗೆ ಇದು ಗೊತ್ತಿಲ್ಲದ ವಿಷಯವಲ್ಲ. ಅವನು ಸಫಾರಿ ಲಾಡ್ಜಿನ ಗೈಡ್, ಒಂಬತ್ತು ವರ್ಷದಿಂದ ಪ್ರವಾಸಿಗರನ್ನು ಈ ಗೇಟು ದಾಟಿಸುತ್ತಿದ್ದವನು. ಈಗ ಜೀಪಿನಲ್ಲಿ ಕೂತಿದ್ದ, ಕೇಪ್‌ಟೌನಿನಲ್ಲಿ ನಾಲ್ಕು ದಿನ ಇದ್ದು ಬಂದಿದ್ದ ಡಚ್ ದಂಪತಿಯ ಊಟದ ಬುಟ್ಟಿಯಿಂದ ಅಂದು ಬೆಳಿಗ್ಗೆ ತಾನೇ ಸಾಸೇಜು ತೆಗೆಸಿ ನಾಯಿಗೆ ಹಾಕಿಸಿದ್ದ.

“ಊರಿಗೆಲ್ಲ ಪಾಠ ಹೇಳೋನು ನೀನು. ಇದೇನಪ್ಪಾ ಇದು?” ಎಂದ ಗೇಟಿನ ಅಧಿಕಾರಿ ಕೆನೊಸಿ.

“ಮಾಂಸ ಅಂತ ನನಗೆ ಹೊಳೀಲೇ ಇಲ್ಲ ಅಣ್ಣ. ಮಾವನ ತಲೆ ಇದು.”

“ಮಾವನ ತಲೆ ಆದ್ರೆ ನಾನಲ್ಲ, ಪೊಲೀಸರು ಬರ್ಬೇಕು.”

ಒರಾಬಿಲೆ ನಗಲಿಲ್ಲ. ತಾನೇ ಸಾಕಿದ ಮೊದಲ ಎತ್ತನ್ನು ಅವನು ಹಿಂದಿನ ದಿನ ಕಡಿಸಿದ್ದ. ಮೊದಲ ಎತ್ತಿನ ತಲೆ ತಾಯಿಯ ಅಣ್ಣನಿಗೆ ಸೇರಬೇಕು. ಬೇಲಿಯ ಎರಡೂ ಕಡೆ ಇದೇ ಪದ್ಧತಿ. ಅವನಿಗೆ ತಂದೆಯ ಮುಖದ ನೆನಪಿಲ್ಲ. ಬೆಳೆಸಿದವರು ಮಾವ ಮೊಲೆಫಿ, ಮರಳಿನ ಮೇಲೆ ಚಿರತೆಯ ಹೆಜ್ಜೆ ಯಾವುದು, ಕತ್ತೆಕಿರುಬದ್ದು ಯಾವುದು ಎಂದು ಕಲಿಸಿದವರೂ ಅವರೇ. ಮುಂದಿನ ತಿಂಗಳು ಅವನಿಗೆ ಹೆಣ್ಣು ಕೇಳಲು ಹೋಗಬೇಕಾದವರೂ ಅವರೇ. ತಲೆ ಕೊಡದೆ ಆ ಮಾತನ್ನು ಅವರ ಮುಂದೆ ಎತ್ತುವುದು ಹೇಗೆ?

ಇಲ್ಲೇ ಬೇಯಿಸಿ ಒಯ್ಯಿ, ಬೆಂದದ್ದಕ್ಕೆ ತಡೆಯಿಲ್ಲ ಎಂದು ಕೆನೊಸಿ ದಾರಿ ತೋರಿಸಿದ. ಒರಾಬಿಲೆ ಒಪ್ಪಲಿಲ್ಲ. ಬೇಯಿಸಿ ಒಯ್ದರೆ ತಿಂದುಳಿದದ್ದನ್ನು ಕೊಟ್ಟ ಹಾಗಾಗುತ್ತದೆ, ಇಡೀ ತಲೆಯನ್ನು ಹಸಿಯಾಗಿಯೇ ಮಾವನ ಕೈಗೆ ಕೊಡಬೇಕು ಎಂದ. ಹಾಗಾದರೆ ಗುಂಡಿಗೆ ಹೋಗುತ್ತದೆ, ಹನ್ನೆರಡರವರೆಗೆ ಕಾಯುತ್ತೇನೆ ಎಂದ ಕೆನೊಸಿ.

ಒರಾಬಿಲೆ ಬೇಲಿಯಾಚೆ ಪೂರ್ವದ ಊರಿನಲ್ಲಿದ್ದ ಮಾವನಿಗೆ ಫೋನ್ ಮಾಡಿದ. ಅವರು ಮೊದಲು ಮಳೆ ಬಂತೇ ಎಂದು ಕೇಳಿದರು, ಆಮೇಲೆ ದನಗಳು ಹೇಗಿವೆ, ಜೀಪಿನಲ್ಲಿರುವ ಅತಿಥಿಗಳಿಗೆ ನಿದ್ದೆ ಸರಿಯಾಗಿ ಬಂತೇ ಎಂದು ವಿಚಾರಿಸಿದರು. ವಿಷಯಕ್ಕೆ ಬರಲು ನಾಲ್ಕು ನಿಮಿಷ ಹಿಡಿಯಿತು. ಎಲ್ಲ ಕೇಳಿಸಿಕೊಂಡು ಅಂದರು: “ಬೇಲಿ ಹಾಕಿರೋದು ದನಕ್ಕೆ ಕಣೋ, ನನಗಲ್ಲ. ನಾನೇ ಬರ್ತೀನಿ, ಅಲ್ಲೇ ತಗೊಂಡು ಅಲ್ಲೇ ಬೇಯಿಸೋಣ.”

ಇನ್ನು ಉಳಿದವರು ಅತಿಥಿಗಳು. ನದಿ ದಡದ ಲಾಡ್ಜಿನಲ್ಲಿ ನಾಲ್ಕು ಗಂಟೆಗೆ ಅವರ ಸಂಜೆ ಸಫಾರಿ ಇತ್ತು. ತಲೆ ಬೇಯಲು ಕಾದರೆ ಅದು ತಪ್ಪುತ್ತದೆ. ಒರಾಬಿಲೆ ತಲೆ ತಗ್ಗಿಸಿ ನಡೆದದ್ದನ್ನೆಲ್ಲ ಹೇಳಿ, ಬೇರೆ ಗಾಡಿ ಕರೆಸಲೇ ಎಂದು ಕೇಳಿದ. ಗಂಡಸು ಹೆಂಡತಿಯ ಮುಖ ನೋಡಿದರು.

“ನನ್ನ ಸಾಸೇಜಿಗೆ ಪಾಪ, ಮಾವ ಇರ್ಲಿಲ್ಲ. ಕಾಯೋಣ” ಎಂದರು ಆಕೆ.

ಹನ್ನೊಂದು ಐವತ್ತೆರಡಕ್ಕೆ ನೆರೆಯವರ ಪಿಕಪ್ಪಿನಿಂದ ಮೊಲೆಫಿ ಇಳಿದರು. ಕೋಟು ಹಾಕಿದ್ದರು. ಕೈಯಲ್ಲೊಂದು ಕೊಡಲಿ, ಗಾಡಿಯಲ್ಲಿ ಮೂರು ಕಾಲಿನ ಕಬ್ಬಿಣದ ಪಾತ್ರೆ. ಗೇಟನ್ನು ನಡೆದೇ ದಾಟಿ ಪಶ್ಚಿಮದ ಕಡೆಗೆ ಬಂದರು. ಒರಾಬಿಲೆ ಗೋಣಿ ಬಿಚ್ಚಿ, ಮಂಡಿಯೂರಿ, ಎರಡೂ ಕೈಯಲ್ಲಿ ತಲೆಯನ್ನೆತ್ತಿ ಕೊಟ್ಟ. ಮಾವ ಅದರ ಕೊಂಬು ಹಿಡಿದು ತೂಗಿ ನೋಡಿದರು.

“ಚೆನ್ನಾಗಿ ಮೇಯಿಸಿದ್ದೀಯ” ಎಂದರು. ಅಷ್ಟೇ.

ರಸ್ತೆ ಬದಿಯ ಮರದ ಕೆಳಗೆ ಪಾತ್ರೆ ಮೂರೂವರೆ ಗಂಟೆ ಕುದಿಯಿತು. ತಲೆಯ ಮಾಂಸ ಗಂಡಸರ ಪಾಲು. ಆದರೂ ಮೊಲೆಫಿ ನಾಲಿಗೆಯ ಮೊದಲ ತುಂಡನ್ನು ಡಚ್ ಹೆಂಗಸಿಗೆ ಕೊಟ್ಟು, ಕಾದು ಕೂತವರಿಗೂ ಇದರಲ್ಲಿ ಪಾಲಿದೆ ಎಂದರು. ಆಕೆ ಬೆರಳು ಚೀಪಿ ಇನ್ನೊಂದು ತುಂಡು ಕೇಳಿದರು. ಮೊಲೆಫಿ ಕೆನೊಸಿಯನ್ನೂ ಕರೆದರು. ಡ್ಯೂಟಿಯಲ್ಲಿದ್ದೇನೆ, ಮೇಲಾಗಿ ಈ ಗಲಾಟೆಗೆಲ್ಲ ಕಾರಣ ನಾನೇ ಎಂದು ಅವನು ಹಿಂಜರಿದ.

“ನನ್ನ ಮೂವತ್ತು ದನ ಆ ಕಡೆ ಮೇಯ್ತಿವೆ ತಮ್ಮಾ” ಎಂದರು ಮೊಲೆಫಿ. “ನೀನು ಹೋಗ್ಲಿ ಪಾಪ ಅಂತ ಬಿಟ್ಟಿದ್ರೆ ನನಗೆ ಕೋಪ ಬರ್ತಿತ್ತು. ಬಾ, ಕೂತ್ಕೋ.”

ಕೆನೊಸಿ ಟೋಪಿ ತೆಗೆದಿಟ್ಟು ಕೂತ. ತಿನ್ನುವಾಗ ಮೊಲೆಫಿ ಅವನ ಊರು ಯಾವುದು, ತಾಯಿ ಇದ್ದಾರೆಯೇ ಎಂದು ಕೇಳಿದರು. ಊರು ಸೆರೋವೆ, ತಾಯಿ ಅಲ್ಲೇ ಇದ್ದಾಳೆ, ಈ ಸೀಮೆಯಲ್ಲಿ ತನ್ನವರೆಂದು ಯಾರೂ ಇಲ್ಲ ಎಂದ. ಎಲ್ಲ ಮುಗಿದ ಮೇಲೆ ಎದ್ದು, ವಾಪಸು ದಾಟಲು ಬಂದ ಮೊಲೆಫಿಯಿಂದ ರೋಗಾಣು ಕೊಲ್ಲುವ ಔಷಧಿ ನೀರಿನ ಚಾಪೆಯನ್ನು ಬೂಟುಗಾಲಿನಲ್ಲೇ ಎರಡು ಸಲ ತುಳಿಸಿದ. ಪಾತ್ರೆಯ ತಳವನ್ನೂ ನೋಡಿದ.

ಮುಂದಿನ ತಿಂಗಳ ಎರಡನೇ ಶನಿವಾರ, ಸೂರ್ಯ ಹುಟ್ಟುವ ಮೊದಲೇ, ಮೊಲೆಫಿ ಅಳಿಯನಿಗೆ ಹೆಣ್ಣು ಕೇಳಲು ಹೊರಟರು. ಅವರ ಜೊತೆ ಹೋದ ಐದು ಮಂದಿ ಗಂಡಸರಲ್ಲಿ ನಾಲ್ವರು ಬಂಧುಗಳು. ಐದನೆಯವನು ರಜೆ ಹಾಕಿ ಬಂದಿದ್ದ ಕೆನೊಸಿ.