ಕಾರಣದ ಕಾಲಮ್

"ನನ್ನ ಸಪ್ಲಾಯರ್ ಯಾರಾದ್ರೂ ಇದನ್ನು ಬರೆದು ಕಳಿಸಿದ್ರೆ ನಿಂತ ಕಾಲಲ್ಲೇ ವಾಪಸ್ ಕಳಿಸ್ತಿದ್ದೆ," ಎನ್ನುತ್ತ ಜಲಜಾಕ್ಷಿ ಮಗನ ಲ್ಯಾಪ್‌ಟಾಪನ್ನು ತನ್ನತ್ತ ತಿರುಗಿಸಿಕೊಂಡು, ಪ್ರಬಂಧದ ಮೊದಲ ಸಾಲನ್ನೇ ಅಳಿಸಿಬಿಟ್ಟಳು.

"ಅಮ್ಮಾ! ಐದು ಗಂಟೆಗೆ ಪೋರ್ಟಲ್ ಕ್ಲೋಸ್ ಲಾ!"

"ಆಗ್ಲಿ. 'ನಿಮ್ಮ ವಿಶ್ವವಿದ್ಯಾಲಯದ ಸಂಶೋಧನಾ ಪರಂಪರೆ ನನ್ನನ್ನು ಸೆಳೆದಿದೆ.' ಎಂತದಿದು ಮಾರಾಯ? ಅವರ ಬ್ರೋಷರನ್ನ ಅವರಿಗೇ ಓದಿ ಹೇಳ್ತೀಯಾ?"

ಸುಬಾಂಗ್ ಜಯಾದ ಮಾಮಕ್ ಚಹಾದಂಗಡಿಯಲ್ಲಿ ಭಾನುವಾರದ ಮಧ್ಯಾಹ್ನ. ಸಕ್ಕರೆ ಕಡಿಮೆ ಹಾಕಿಸಿದ ಚಹಾ ಕೆನೆಗಟ್ಟುತ್ತಿತ್ತು. ಮಹಿತ್ ಮನೆ ಹತ್ತಿರದ ಕಾಲೇಜನ್ನು ಎರಡನೇ ವರ್ಷಕ್ಕೆ ಬಿಟ್ಟು, ಸಮುದ್ರದಾಚೆ ಕೋಟ ಕಿನಬಾಲುವಿನಲ್ಲಿ ಮರೈನ್ ಬಯಾಲಜಿಗೆ ವರ್ಗ ಕೇಳುತ್ತಿದ್ದ. ಅಂಕಗಳು ಅಷ್ಟಕ್ಕಷ್ಟೇ. 'ನಮ್ಮಲ್ಲಿಗೆ ಏಕೆ ಬರಬೇಕೆಂದಿದ್ದೀರಿ' ಎಂಬ ಈ ಒಂದು ಪುಟವೇ ಅವನನ್ನು ದಡ ಮುಟ್ಟಿಸಬೇಕು. ಹವಳದ ಬಗ್ಗೆ ಚೆನ್ನಾಗಿಯೇ ಬರೆದಿದ್ದ, ಆ ಮೊದಲ ಸಾಲೊಂದೇ ಸಪ್ಪೆ. ಅದಕ್ಕಾಗಿಯೇ ತಳ್ಳಿಹಾಕಿಬಿಟ್ಟರೆ? ಬೆಳಗಿನಿಂದ ಜಲಜಾಕ್ಷಿಗೆ ತುತ್ತು ಇಳಿದಿರಲಿಲ್ಲ. ಅವಳ ಎಡಗೈ ತಾನಾಗಿ ಎದೆ ನೀವಿಕೊಂಡಿತು. ಮಹಿತ್ ಆ ಕೈಯನ್ನೇ ನೋಡಿದ.

"ಗ್ಯಾಸು ಮಾರಾಯ. ನೀನು ಪ್ರಬಂಧ ನೋಡು."

ಜಲಜಾಕ್ಷಿಗೆ ಗೊತ್ತಿದ್ದದ್ದು ಒಂದೇ ದಾರಿ, ಕಾರ್ಖಾನೆಯ ದಾರಿ. ಕ್ವಾಲಿಟಿ ವಿಭಾಗದಲ್ಲಿ ಅವಳ ಮೇಜಿಗೆ ಸಪ್ಲಾಯರ್‌ಗಳ ದೋಷದ ವರದಿಗಳು ಬರುತ್ತವೆ. 'ಯಾಕೆ' ಎಂದು ಐದು ಸಲ ಕೇಳಿದರೆ ಬುಡ ಸಿಕ್ಕೇ ಸಿಗುತ್ತದೆ ಎಂಬುದು ಅಲ್ಲಿನ ನಂಬಿಕೆ. ಒಂದೇ ಒಂದು ಕಟ್ಟಳೆ: ಕಾರಣದ ಕಾಲಮ್ಮಿನಲ್ಲಿ ಮನುಷ್ಯರ ಹೆಸರು ಬರುವಂತಿಲ್ಲ. 'ಆಪರೇಟರ್ ಅಜಾಗರೂಕ' ಎಂದು ಬರೆದವನಿಗೆ ಅವಳು ಹೋದ ವಾರವಷ್ಟೇ ವರದಿ ಹಿಂದಿರುಗಿಸಿದ್ದಳು. ಮನೆಯಲ್ಲಿ ಲೋಟ ಒಡೆದರೂ ಅಷ್ಟೇ. 'ಯಾರು ಒಡೆದದ್ದು' ಎಂದು ಕೇಳಿದವಳಲ್ಲ, 'ಲೋಟ ಮೇಜಿನ ತುದಿಯಲ್ಲಿ ಯಾಕಿತ್ತು' ಎಂದೇ ಕೇಳುತ್ತಿದ್ದಳು. ಮಹಿತ್ ಬೆಳೆದದ್ದೇ ಆ ಪ್ರಶ್ನೆಗಳ ನಡುವೆ.

"ಸರಿ, ಹೇಳು. ಈ ಕಾಲೇಜು ಯಾಕೆ ಬಿಡ್ತೀ?"

"ಇಲ್ಲಿ ಮರೈನ್ ಇಲ್ಲ."

"ಅದು ಸೇರುವಾಗ್ಲೇ ಗೊತ್ತಿತ್ತಲ್ಲ. ಮತ್ಯಾಕೆ ಸೇರಿದ್ದು?"

"ಮನೆಗೆ ಹತ್ರ."

"ಸೋಮಾರಿ! ಮನೆಗೆ ಹತ್ರ ಯಾಕೆ ಬೇಕಿತ್ತು?"

ಮಹಿತ್ ಚಮಚದಿಂದ ಚಹಾದ ಕೆನೆಯನ್ನು ಲೋಟದ ಅಂಚಿಗೆ ಸರಿಸಿದ. "ಆ ವರ್ಷಾನೇ ಅಲ್ವಾ, ನಿಂಗೆ ಸ್ಟೆಂಟ್ ಹಾಕಿದ್ದು. ಅಪ್ಪ ಕೆಲಸಕ್ಕಂತ ಜೋಹೋರಲ್ಲಿ. ಸಮ್‌ಒನ್ ಹ್ಯಾಡ್ ಟು ಬಿ ದೇರ್, ಅಮ್ಮಾ."

ಅಂಗಡಿಯ ಹುಡುಗ ಬಂದು, "ಅಕ್ಕಾ, ಇನ್ನೊಂದು ಟೀ?" ಎಂದ. ಜಲಜಾಕ್ಷಿ ಬೇಡವೆಂದು ತಲೆಯಾಡಿಸಿದಳು. ಅರ್ಜಿಯ ದಿನಾಂಕ ಮರೆತು ಹುಡುಗ ಸಿಕ್ಕಿದ ಕಾಲೇಜಿಗೆ ಸೇರಿಕೊಂಡ ಎಂದೇ ಅವಳು ಈವರೆಗೆ ತಿಳಿದಿದ್ದಳು. ಊರಿಗೆ ಫೋನ್ ಮಾಡಿದಾಗೆಲ್ಲ ಹಾಗೆಂದೇ ಬೈದುಕೊಂಡಿದ್ದಳು. ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಕೇಳಿ ಕೇಳಿ ಪಳಗಿದ ನಾಲಿಗೆ ನಿಲ್ಲಲಿಲ್ಲ.

"ಈಗ ನಾನು ಗುಂಡುಕಲ್ಲಿನ ಹಾಗಿದ್ದೇನೆ. ಹೋಗು, ಬೇಡ ಅಂದವರ್ಯಾರು? ಆದ್ರೆ ಸಮುದ್ರ ದಾಟಿಯೇ ಯಾಕೆ ಹೋಗ್ಬೇಕು? ತೆರೆಂಗಾನುವಲ್ಲೂ ಇದೇ ಕೋರ್ಸ್ ಇದೆ. ಬಸ್ಸಲ್ಲಿ ಬಂದು ಹೋಗ್ಬಹುದು."

"ಬಸ್ಸಿದ್ರೆ ನಾನು ಎವ್ರಿ ವೀಕ್ ಬಂದ್ಬಿಡ್ತೀನಿ."

"ಬಂದ್ರೆ ಎಂತ? ಯಾಕೆ ಬರಬಾರ್ದು?"

ಇದು ಐದನೆಯ 'ಯಾಕೆ'. ಮಹಿತ್ ತಲೆ ಎತ್ತಲಿಲ್ಲ.

"ಬಂದ್ರೆ ಮತ್ತೆ ನಿನ್ನ ರೂಮಿನ ಬಾಗಿಲಲ್ಲಿ ನಿಂತ್ಕೊಂಡು ಉಸಿರು ಕೇಳ್ತೀನಿ. ಎವ್ರಿ ನೈಟ್. ನೀನು ಕೆಮ್ಮಿದ್ರೆ ಎದ್ದೇಳ್ತೀನಿ, ಕೆಮ್ಮದಿದ್ರೂ ಎದ್ದೇಳ್ತೀನಿ. ಫ್ಲೈಟೇ ಹಿಡೀಬೇಕು ಅಂದ್ರೆ ಬರಕ್ಕಾಗಲ್ಲ, ಅಲ್ವಾ? ಐ ಆಮ್ ಸೋ ಟಯರ್ಡ್, ಅಮ್ಮಾ."

ಬೀದಿಯಲ್ಲಿ ಮೋಟಾರ್‌ಬೈಕೊಂದು ಕಿರುಚುತ್ತ ಹೋಯಿತು. ಇಷ್ಟು ದಿನ ರಾತ್ರಿ ಕೋಣೆಯ ಹೊರಗೆ ನೆಲ ಕಿರುಗುಟ್ಟಿದಾಗ, ಹುಡುಗ ಫ್ರಿಜ್‌ನಲ್ಲಿ ಏನೋ ಹುಡುಕುತ್ತಿದ್ದಾನೆ ಎಂದುಕೊಂಡು ಜಲಜಾಕ್ಷಿ ಮಗ್ಗುಲಾಗಿದ್ದಳು.

"ಅದನ್ನೇ ಬರೀಬೇಕಿತ್ತಲ್ವಾ, ಮಗಾ?" ಎಂದಳು ಕೊನೆಗೆ. "ಆ ಬ್ರೋಷರ್ ಸಾಲು ಯಾಕೆ ಹಾಕಿದೆ?"

"ನೀನೇ ಅಲ್ವಾ ಕಲಿಸಿದ್ದು?" ಮಹಿತ್ ನಗಲು ನೋಡಿದ, ಆಗಲಿಲ್ಲ. "ಕಾರಣದ ಕಾಲಮ್ಮಲ್ಲಿ ಮನುಷ್ಯರ ಹೆಸರು ಬರೀಬಾರ್ದು ಅಂತ."

ಜಲಜಾಕ್ಷಿ ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡಳು. ತಾನು ಅಳಿಸಿದ್ದ ಸಾಲನ್ನು ಒಂದೊಂದೇ ಅಕ್ಷರ ಒತ್ತುತ್ತ ಮತ್ತೆ ಬರೆದಳು: ನಿಮ್ಮ ವಿಶ್ವವಿದ್ಯಾಲಯದ ಸಂಶೋಧನಾ ಪರಂಪರೆ ನನ್ನನ್ನು ಸೆಳೆದಿದೆ.

"ಕಳಿಸು," ಎಂದಳು.

ಮಹಿತ್ ಗುಂಡಿ ಒತ್ತಿ, ಪರದೆ ಬಿಟ್ಟು ಅವಳತ್ತ ನೋಡಿದ. ಎದೆಯ ಕಡೆಗೆ ಹೊರಟಿದ್ದ ಎಡಗೈಯನ್ನು ಜಲಜಾಕ್ಷಿ ಅರ್ಧದಲ್ಲೇ ತಡೆದು, ಮೇಲಕ್ಕೆತ್ತಿ, ನೆಟ್ಟಗೇ ಇದ್ದ ಕನ್ನಡಕವನ್ನು ಸರಿಮಾಡಿಕೊಂಡಳು.